ಸುನಂದಕ್ಕ ಬರೆದ ಡ್ರೈವರ್

ಸುನಂದಕ್ಕ ಪ್ರೋಗ್ರಾಮನ್ನು ಗಟ್ಟಿಯಾಗಿ ಓದುತ್ತಿದ್ದರು. ಕಂಪ್ಯೂಟರಿನ ಪರದೆಯಲ್ಲಿ ಓದಿದರೆ ಅವರಿಗೆ ಸಮಾಧಾನವಿಲ್ಲ. ಪ್ರಿಂಟ್ ತೆಗೆದು, ಹಾಳೆಗಳನ್ನು ಟೆಸ್ಟಿಂಗ್ ಹಾಲಿನ ಉದ್ದ ಮೇಜಿನ ಮೇಲೆ ಹರಡಿ, ಎಡಗೈಯ ತೋರುಬೆರಳನ್ನು ಒಂದೊಂದೇ ಸಾಲಿನ ಕೆಳಗೆ ಎಳೆಯುತ್ತ, ಅಲ್ಪವಿರಾಮ ಅರ್ಧವಿರಾಮಗಳನ್ನೂ ಬಿಡದೆ ಓದಬೇಕು. ಬಾಗಿಲ ಹೊರಗೆ ನಿಂತು ಕೇಳಿದವರಿಗೆ ಒಳಗೆ ಯಾರನ್ನೋ ವಿಚಾರಣೆ ಮಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಓದುತ್ತ ಓದುತ್ತ ಬೆರಳು ಒಂದು ಕಡೆ ನಿಲ್ಲುವುದು.

"ಇಲ್ಲಿ ಸುಳ್ಳು ಹೇಳ್ತದೆ ಇದು" ಅನ್ನುವರು.

ನಾವು ಇಂಜಿನಿಯರುಗಳು ‘ಬಗ್’ ಅನ್ನುತ್ತಿದ್ದೆವು. ಆ ಶಬ್ದವನ್ನು ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. "ತಪ್ಪಾದ್ರೆ ಪ್ರೋಗ್ರಾಮ್ ನಿಲ್ತದೆ ಮಾರಾಯ, ನಮಗೆ ಗೊತ್ತಾಗ್ತದೆ. ಸುಳ್ಳು ಹಾಗಲ್ಲ. ಎಲ್ಲ ಸರಿ ಉಂಟು ಅಂತ ಹೇಳಿಕೊಂಡೇ ಇರ್ತದೆ" ಎಂದು ಒಮ್ಮೆ ನನಗೆ ಬಿಡಿಸಿ ಹೇಳಿದ್ದರು. ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೀಗೆ ಬರೆದಾಗ ಅವರ ಮಾತಿನ ಕಾರ ಸ್ವಲ್ಪ ಕಡಿಮೆಯಾಗುತ್ತದೆ.

ನಮ್ಮ ಕಂಪನಿ ಪಡೀಲಿನ ಮುಖ್ಯರಸ್ತೆಯಿಂದ ಒಳಗೆ, ಒಂದು ಹಳೇ ಗೋಡೌನಿನಲ್ಲಿತ್ತು. ಮಾಲಕರು ಹೆಗ್ಡೆಯವರು. ಹೋಟೆಲುಗಳಲ್ಲಿ ಗೆದ್ದವರು, ಎಲೆಕ್ಟ್ರಾನಿಕ್ಸ್‌ನಲ್ಲೂ ಒಂದು ಕೈ ನೋಡುವ ಎಂದು ಇಳಿದಿದ್ದರು. ಮೀನುಗಾರಿಕೆ ಬೋಟುಗಳಿಗೆ ವೈರ್‌ಲೆಸ್ ಪೆಟ್ಟಿಗೆ ಮಾಡುವುದು ನಮ್ಮ ಕೆಲಸ. ಆಳಕ್ಕೆ ಹೋದ ಮೇಲೆ ಮೊಬೈಲು ಸಿಗುವುದಿಲ್ಲ. ಬೋಟುಗಳು ಎರಡೋ ಮೂರೋ ಜೊತೆಯಾಗಿ ಹೋಗುತ್ತವೆ. ಒಂದರ ಪೆಟ್ಟಿಗೆಯಿಂದ ಇನ್ನೊಂದರ ಪೆಟ್ಟಿಗೆಗೆ ಸಂದೇಶ ದಾಟುತ್ತದೆ. ಪೆಟ್ಟಿಗೆಯ ಮೇಲೆ ಒಂದು ಹಸಿರು ಲೈಟು. ಅದು ಉರಿಯುತ್ತಿದ್ದರೆ ಜೊತೆಯ ಬೋಟು ಸಂಪರ್ಕದಲ್ಲಿದೆ ಎಂದರ್ಥ.

ಸುನಂದಕ್ಕ ಆ ಕಂಪನಿಗೆ ಬಂದದ್ದು ಬೆಸುಗೆ ಹಾಕಲಿಕ್ಕೆ. ಬೋಳಾರದ ಮೀನುಗಾರ ಮೊಗವೀರರ ಮನೆಯವರು. ಪಿಯುಸಿ ಮುಗಿದ ವರ್ಷವೇ ತಂದೆ ತೀರಿಕೊಂಡದ್ದರಿಂದ ಓದು ಅಲ್ಲಿಗೆ ನಿಂತಿತು. ತಮ್ಮ ಮೋಹನನನ್ನು ಬೆಳೆಸಿ, ಅವನಿಗೆ ಮದುವೆ ಮಾಡಿಸಿ, ತಾವು ಮದುವೆಯಾಗದೆ ಅದೇ ಮನೆಯಲ್ಲಿ ಉಳಿದರು. ಬಲಗೈ ಹೆಬ್ಬೆರಳಿನಲ್ಲಿ ಸೋಲ್ಡರಿಂಗ್ ಕಡ್ಡಿ ಸುಟ್ಟ ಕಲೆ. ಕಾಟನ್ ಸೀರೆಯ ಮೇಲೆ ಕಂಪನಿಯ ನೀಲಿ ಕೋಟು, ಶುಕ್ರವಾರವಾದರೆ ಮಂಗಳಾದೇವಿಗೆ ಹೋಗಿ ಹಚ್ಚಿಕೊಂಡು ಬಂದ ಕುಂಕುಮ. ಬೆಸುಗೆಯಿಂದ ಟೆಸ್ಟಿಂಗಿಗೆ ಬಂದರು. ಅಲ್ಲಿ ಪೆಟ್ಟಿಗೆಯೊಳಗಿನ ಸರ್ಕ್ಯೂಟ್ ಬೋರ್ಡು ಪರೀಕ್ಷೆ ಮಾಡುವ ಕಂಪ್ಯೂಟರು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನಲ್ಲಿ ನಡೆಯುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರು ಕೆಲಸ ಬಿಟ್ಟು ಹೋದ. ಹೊಸಬ ಬರುವವರೆಗೆ ಬೋರ್ಡುಗಳು ರಾಶಿ ಬೀಳಬಾರದೆಂದು ಸುನಂದಕ್ಕ ತಾವೇ ಅದರ ಪ್ರೋಗ್ರಾಮನ್ನು ಬಿಚ್ಚಿ ನೋಡಿದರು. ಹೊಸಬ ಬರಲೇ ಇಲ್ಲ. ಹತ್ತು ಹನ್ನೆರಡು ವರ್ಷಗಳಲ್ಲಿ ಆ ಕಟ್ಟಡದಲ್ಲಿ ಪೆಟ್ಟಿಗೆಯ ಒಳಗನ್ನು ಅವರಷ್ಟು ತಿಳಿದವರು ಯಾರೂ ಇರಲಿಲ್ಲ. ಅವರ ಗುರುತುಚೀಟಿಯಲ್ಲಿ ಮಾತ್ರ ‘ಟೆಸ್ಟಿಂಗ್ ಆಪರೇಟರ್’ ಎಂದೇ ಇತ್ತು. ನಾವು ಮೇಲಿನ ಮಹಡಿಯಲ್ಲಿ ಎಸಿಯಲ್ಲಿ ಕೂರುತ್ತಿದ್ದೆವು, ಅವರು ಕೆಳಗೆ.

ನಾನು ಸೇರಿದ ಮೊದಲ ವಾರ ನನ್ನನ್ನು ‘ರೈಗಳೇ’ ಎಂದು ಕರೆದರು. ಅದರಲ್ಲಿ ಮರ್ಯಾದೆಗಿಂತ ತಮಾಷೆ ಜಾಸ್ತಿ ಇತ್ತು. ಒಂದು ದಿನ ನಾನು ಮಾಡಿದ ಸಣ್ಣ ತಿದ್ದುಪಡಿಯನ್ನು ಓದಿ, "ಇದು ಯಾರು ಬರ್ದದ್ದು? ನೀನಾ? ಅಡ್ಡಿ ಇಲ್ಲ" ಎಂದರು. ಆ ದಿನದಿಂದ ನಾನು ‘ಪ್ರಸಾದ’, ‘ನೀನು’ ಆದೆ. ಮಧ್ಯಾಹ್ನ ಬುತ್ತಿಯಿಂದ ಒಂದು ಬಂಗುಡೆ ಮೀನಿನ ತುಂಡು ನನ್ನ ತಟ್ಟೆಗೆ ಬೀಳತೊಡಗಿತು.

ಅವರೇ ನನ್ನನ್ನು ಬೋಟುಗಳು ಬಂದು ನಿಲ್ಲುವ ದಕ್ಕೆಗೆ ಕರೆದುಕೊಂಡು ಹೋದದ್ದು. ಮೋಹನ ಆಗ ಒಂದು ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು. ಅವನ ಬೋಟಿನಲ್ಲೂ ನಮ್ಮದೇ ಪೆಟ್ಟಿಗೆ. ಹಿಂದಿನ ತಿಂಗಳು ಆಳದಲ್ಲಿ ಅವನ ಎಂಜಿನ್ ಕೈಕೊಟ್ಟಿತ್ತು. ಜೊತೆಯ ಬೋಟಿಗೆ ‘ಬನ್ನಿ’ ಎಂಬ ಸಂದೇಶ ಒತ್ತಿದ. ಹಸಿರು ಲೈಟು ಉರಿಯುತ್ತಿತ್ತು. ಬರುತ್ತಾರೆ ಎಂದು ಕೂತ.

"ಲೈಟು ಉರೀತಾ ಉಂಟಲ್ಲ ಅಂತ ನಾವು ಬೇರೆ ಯಾರಿಗೂ ಕೈ ಮಾಡ್ಲಿಲ್ಲ" ಎಂದ ಮೋಹನ. "ದೂರದಲ್ಲಿ ಎರಡು ಬೋಟು ಹೋದದ್ದು ನೋಡಿದೆವು. ಬಿಟ್ಟೆವು. ನಮ್ಮವರು ಬರ್ತಾರಲ್ಲ."

ನಮ್ಮವರು ಆಗಲೇ ದೂರ ಹೋಗಿಯಾಗಿತ್ತು. ಒಂದೂವರೆ ದಿನ ಆರು ಜನ ತೇಲುತ್ತ ಉಳಿದರು. ಕುಡಿಯುವ ನೀರು ಮುಗಿದ ಮೇಲೆ ಯಾವುದೋ ಬೇರೆ ಊರಿನ ಬೋಟು ಅವರನ್ನು ಕಂಡಿತು. ಮೋಹನ ಇದನ್ನೆಲ್ಲ ನಗುತ್ತಲೇ ಹೇಳಿದ. ಸುನಂದಕ್ಕ ನಗಲಿಲ್ಲ. ಪೆಟ್ಟಿಗೆಯನ್ನು ನೋಡುತ್ತ ನಿಂತಿದ್ದರು.

"ಇದನ್ನು ಟೆಸ್ಟ್ ಮಾಡಿ ಪಾಸ್ ಅಂತ ಬರ್ದದ್ದು ನಾನು ಪ್ರಸಾದ. ನಾನು ಕೇಳಿದ್ದಕ್ಕೆಲ್ಲ ಸರಿ ಉತ್ತರ ಕೊಟ್ಟಿದೆ ಇದು. ಕೇಳದ್ದನ್ನು ಹೇಳ್ಲಿಲ್ಲ."

ತೊಂದರೆ ಇದ್ದದ್ದು ಡ್ರೈವರಿನಲ್ಲಿ. ವೈರ್‌ಲೆಸ್ ಚಿಪ್ಪಿಗೂ, ಲೈಟು ಉರಿಸುವ ಮೇಲಿನ ಪ್ರೋಗ್ರಾಮಿಗೂ ನಡುವೆ ಕೂತು ಅಲ್ಲಿಯ ಮಾತನ್ನು ಇಲ್ಲಿಗೆ ಮುಟ್ಟಿಸುವ ಸಣ್ಣ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ನಮ್ಮ ಚಿಪ್ಪಿನ ಡ್ರೈವರ್ ಬರೆದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಅವರು ಎಲ್ಲದಕ್ಕೂ ತಮ್ಮದೇ ನಂಬರು ಇಟ್ಟುಕೊಂಡಿದ್ದರು. ಏಳು ಎಂದರೆ ಸಿಗ್ನಲ್ ಎಷ್ಟಿದೆ ಹೇಳು, ಹನ್ನೆರಡು ಎಂದರೆ ಚಾನೆಲ್ ಬದಲಿಸು, ಹೀಗೆ. ಮೇಲಿನ ಪ್ರೋಗ್ರಾಮ್ ನಂಬರು ಹೇಳಿ ಕೇಳಬೇಕು, ಆಗ ಉತ್ತರ ಬರುತ್ತದೆ. ಕೇಳದಿದ್ದರೆ ಇಲ್ಲ. ಕೇಳಿದಾಗಲೂ ಚಿಪ್ಪನ್ನು ವಿಚಾರಿಸದೆ, ಕೊನೆಯ ಸಲ ನೆನಪಿಟ್ಟುಕೊಂಡದ್ದನ್ನೇ ಒಪ್ಪಿಸಿಬಿಡುವುದಿತ್ತು. ಅಷ್ಟರಲ್ಲಿ ಜೊತೆಯ ಬೋಟು ಮೈಲಿಗಟ್ಟಲೆ ದೂರ ಹೋಗಿರುತ್ತಿತ್ತು.

ನಮ್ಮ ಪೆಟ್ಟಿಗೆಯೂ ಲಿನಕ್ಸಿನಲ್ಲೇ ನಡೆಯುತ್ತಿತ್ತು. ಅಲ್ಲಿ ಇದಕ್ಕೆ ಹೊಸ ದಾರಿ ಬಂದು ಬಹಳ ಕಾಲವಾಗಿತ್ತು. ಎಲ್ಲ ವೈರ್‌ಲೆಸ್ ಡ್ರೈವರುಗಳೂ ಒಂದೇ ರೀತಿಯ ಸಂದೇಶಗಳಲ್ಲಿ ಮಾತಾಡಬೇಕು. ಸಂಪರ್ಕ ಕಡಿದರೆ ಯಾರೂ ಕೇಳುವ ಮೊದಲೇ ಡ್ರೈವರ್ ತಾನಾಗಿ ಮೇಲಕ್ಕೆ ತಿಳಿಸಬೇಕು. ನಮ್ಮ ಡ್ರೈವರನ್ನು ಆ ದಾರಿಗೆ ತರುವ ಎಂದು ಸುನಂದಕ್ಕ ಹೆಗ್ಡೆಯವರ ಹತ್ತಿರ ಎರಡು ಸಲ ಕೇಳಿದರು. "ನಡೀತಾ ಉಂಟಲ್ಲ, ಪೊಕ್ಕಡೆ ಸುಮ್ಮನೆ ಯಾಕೆ ಕೆದಕೂದು?" ಎಂದು ಅವರು ಎರಡು ಸಲವೂ ಕಳಿಸಿದರು. ಮರುವರ್ಷ ಹಳೇ ಬೋರ್ಡು ಸಿಗದಾಯಿತು. ಹೊಸ ಬೋರ್ಡಿಗೆ ಹೊಸ ಕರ್ನೆಲ್ ಬೇಕು, ಅಂದರೆ ಲಿನಕ್ಸಿನ ತಿರುಳು. ಅದರಲ್ಲಿ ಹಳೇ ನಂಬರುಗಳ ದಾರಿಯೇ ಮುಚ್ಚಿತ್ತು. ಹೆಗ್ಡೆಯವರೇ ಕೆಳಗಿಳಿದು ಟೆಸ್ಟಿಂಗ್ ಹಾಲಿಗೆ ಬಂದರು.

ಕೆಲಸ ಒಂದು ವರ್ಷ ಹಿಡಿಯಿತು. ಸುನಂದಕ್ಕ ಒಂದೊಂದು ನಂಬರಿಗೂ ಒಂದೊಂದು ಚೀಟಿ ಬರೆದು ಗೋಡೆಗೆ ಅಂಟಿಸಿದರು. ಎಷ್ಟೋ ನಂಬರುಗಳು ಏನು ಮಾಡುತ್ತವೆಂದು ಯಾರಿಗೂ ಗೊತ್ತಿರಲಿಲ್ಲ. ಬೋರ್ಡಿನ ಎದುರು ಕೂತು ಒಂದೊಂದನ್ನೇ ಕೊಟ್ಟು ನೋಡಬೇಕು. ಮೂವತ್ತೊಂದನ್ನು ಕೊಟ್ಟರೆ ಚಿಪ್ಪು ಬಿಸಿಯಾಗಿ ಸತ್ತೇ ಹೋಗುತ್ತಿತ್ತು. ಮೂರು ಬೋರ್ಡು ಹೋದ ಮೇಲೆ ಆ ಚೀಟಿಗೆ ಕೆಂಪು ಶಾಯಿಯಲ್ಲಿ ಗೀಟು ಹಾಕಿ, "ಇವ ನಮ್ಮ ಜಾತಿಯವನಲ್ಲ, ಬಿಡು" ಎಂದರು. ಅರ್ಥ ಸಿಕ್ಕಿದ ನಂಬರನ್ನು ಹೊಸ ರೀತಿಯ ಸಂದೇಶವಾಗಿ ಬರೆದು, ಓದಿ, ಪರೀಕ್ಷಿಸಿ, ಆಮೇಲೆ ಗೋಡೆಯಿಂದ ಚೀಟಿ ಕಿತ್ತು ಬುಟ್ಟಿಗೆ ಹಾಕುವರು. ಭಾನುವಾರಗಳಲ್ಲಿ ಮೋಹನನ ಬೋಟಿನಲ್ಲಿ ಹೊಳೆ ಕಡಲು ಸೇರುವ ಅಳಿವೆಯವರೆಗೆ ಹೋಗಿ ಬರುತ್ತಿದ್ದರು, ಲೈಟು ಯಾವಾಗ ಆರುತ್ತದೆ ನೋಡಲಿಕ್ಕೆ. ಕಂಪನಿಯಲ್ಲಿ ಎಲ್ಲರೂ ಲೈಟು ಉರಿಯಲಿ ಎಂದು ಕೆಲಸ ಮಾಡುತ್ತಿದ್ದಾಗ ಅವರೊಬ್ಬರು ಅದು ಸರಿಯಾದ ಹೊತ್ತಿಗೆ ಆರಲಿ ಎಂದು ಒಂದು ವರ್ಷ ದುಡಿದರು.

ಮುಗಿದಾಗ ಹತ್ತೊಂಬತ್ತು ಪ್ಯಾಚುಗಳಾದವು, ಅಂದರೆ ತಿದ್ದುಪಡಿಯ ಕಂತುಗಳು. ಅವುಗಳನ್ನು ಕರ್ನೆಲ್ ನೋಡಿಕೊಳ್ಳುವವರ ಬಹಿರಂಗ ಮೇಲಿಂಗ್ ಲಿಸ್ಟಿಗೆ ಕಳಿಸಬೇಕು. ಅಲ್ಲಿ ಬೇರೆ ಬೇರೆ ದೇಶದವರು ಓದಿ, ಪ್ರಶ್ನೆ ಕೇಳಿ, ಒಪ್ಪಿದರೆ ಒಳಗೆ ಸೇರಿಸುತ್ತಾರೆ. ಪ್ರತಿ ಪ್ಯಾಚಿನ ನೆತ್ತಿಯಲ್ಲಿ ಬರೆದವರ ಹೆಸರಿರುತ್ತದೆ. ಒಮ್ಮೆ ಸೇರಿದರೆ ಆ ಹೆಸರನ್ನು ಯಾರೂ ಅಳಿಸುವಂತಿಲ್ಲ.

ಹೆಗ್ಡೆಯವರು ನನ್ನನ್ನು ಕ್ಯಾಬಿನ್ನಿಗೆ ಕರೆದರು.

"ನಿನ್ನ ಹೆಸರಲ್ಲಿ ಕಳಿಸು ರೈ. ನಾಳೆ ಪೆಟ್ಟಿಗೆ ತಕೊಳ್ಳುವ ಪಾರ್ಟಿಯವರು ನೋಡ್ತಾರೆ. ಟೆಸ್ಟಿಂಗ್ ಆಪರೇಟರ್ ಬರ್ದದ್ದು ಅಂದ್ರೆ ಎಂತ ಗ್ರಹಿಸ್ತಾರೆ? ಅವರಿಗೆ ಡಿಗ್ರಿ ಇಲ್ಲ, ಇಂಗ್ಲಿಷಿನಲ್ಲಿ ಉತ್ತರ ಕೊಡ್ಲಿಕ್ಕೆ ಬರೂದಿಲ್ಲ."

"ಸರಿ ಸರ್" ಎಂದೆ.

ಅಷ್ಟೇ. ವಾದ ಮಾಡಿದೆ, ಸೋತೆ ಎಂದು ಬರೆಯಲು ನನಗೂ ಆಸೆಯುಂಟು. ಮಾಡಲಿಲ್ಲ. ಮೇಜಿಗೆ ಬಂದು ಹತ್ತೊಂಬತ್ತು ಕಡೆ ಇದ್ದ ಅವರ ಹೆಸರನ್ನು ಒಂದೇ ಕಮಾಂಡಿನಲ್ಲಿ ತೆಗೆದು ನನ್ನದನ್ನು ಹಾಕಿದೆ. ಒಂದು ಸೆಕೆಂಡೂ ಹಿಡಿಯಲಿಲ್ಲ. ಹೇಗೂ ಕಂಪನಿಯ ಕೆಲಸ ತಾನೇ ಎಂದು ನನಗೆ ನಾನೇ ಹೇಳಿಕೊಂಡೆ. ಅವರಿಗೆ ಹೇಳಲಿಲ್ಲ.

ಲಿಸ್ಟಿನಿಂದ ಪ್ರಶ್ನೆಗಳು ಬರತೊಡಗಿದವು. ಟೆಸ್ಟಿಂಗ್ ಹಾಲಿನ ಕಂಪ್ಯೂಟರುಗಳಿಗೆ ಇಂಟರ್ನೆಟ್ ಇರಲಿಲ್ಲ. ಬೋರ್ಡುಗಳಿಗೆ ವೈರಸ್ ತಗಲಬಾರದೆಂದು ಮಾಡಿದ ನಿಯಮ. ಹಾಗಾಗಿ ನಾನು ಪ್ರಶ್ನೆಗಳನ್ನು ಪುಸ್ತಕದಲ್ಲಿ ಗೀಚಿಕೊಂಡು ಕೆಳಗಿಳಿಯುತ್ತಿದ್ದೆ. ಅವರು ಹಾಳೆ ಹರಡಿ ವಿವರಿಸುವರು. ನಾನು ಮೇಲೆ ಹೋಗಿ ಅದನ್ನು ಇಂಗ್ಲಿಷಿನಲ್ಲಿ ಬರೆದು ನನ್ನ ಹೆಸರು ಹಾಕಿ ಕಳಿಸುವೆ. ಎರಡು ತಿಂಗಳು ಹೀಗೆ ನಡೆಯಿತು. ಜರ್ಮನಿಯವನೊಬ್ಬ ‘ಬಹಳ ಶುದ್ಧವಾದ ಕೆಲಸ’ ಎಂದು ಬರೆದ. ಅದನ್ನು ಓದಿ ಹೇಳಿದಾಗ ಸುನಂದಕ್ಕ ಕೈಯಲ್ಲಿದ್ದ ಹಾಳೆಯಿಂದ ಮುಖಕ್ಕೆ ಗಾಳಿ ಹಾಕಿಕೊಂಡರು. ಆಮೇಲೆ, ಸ್ವಲ್ಪ ನಾಚಿ ಕೇಳಿದರು:

"ಅವರು ನನ್ನ ಹೆಸರು ಹೇಗೆ ಬರೀತಾರೆ ಮಾರಾಯ? ಕಡೆಗೆ ಒಂದು ‘ಎ’ ಹಾಕ್ತಾರಾ, ಎರಡಾ? ನನ್ನ ಮಾರ್ಕ್ಸ್‌ಕಾರ್ಡಿನಲ್ಲಿ ಒಂದೇ ಇರೂದು."

"ಒಂದೇ ಅಕ್ಕ" ಎಂದೆ.

ಆಗಲೂ ಬಾಯಿ ಬಿಡಬಹುದಿತ್ತು.

ಪ್ಯಾಚುಗಳು ಸೇರಿದವು. ಹೊಸ ಬೋರ್ಡಿಗೆ ಹಾಕಲು ಹೊಸ ಕರ್ನೆಲಿನ ಪೂರ್ತಿ ಪ್ರತಿಯನ್ನು ಹಾರ್ಡ್‌ಡಿಸ್ಕಿನಲ್ಲಿ ಕೆಳಗೆ ಕಳಿಸಬೇಕಾಯಿತು. ಯಾರು ಯಾವ ಸಾಲು ಬರೆದರು ಎಂಬ ದಾಖಲೆಯೂ ಅದರೊಳಗೇ ಇರುತ್ತದೆ. ಅವರು ಅದನ್ನು ತೆಗೆದು ನೋಡಲಾರರು ಎಂದು ನಾನು ಯಾಕೆ ಅಂದುಕೊಂಡೆನೋ ಇವತ್ತಿಗೂ ಗೊತ್ತಿಲ್ಲ. ನಾನು ಇಳಿದು ಹೋಗುವಷ್ಟರಲ್ಲಿ ಬೆಸುಗೆಯ ಲೈನಿನ ಹೆಂಗಸರು ಏಳೆಂಟು ಜನ ಅವರ ಕಂಪ್ಯೂಟರಿನ ಸುತ್ತ ನಿಂತಿದ್ದರು. ಹೆಸರು ತೋರಿಸುತ್ತೇನೆ ಬನ್ನಿ ಎಂದು ಸುನಂದಕ್ಕನೇ ಅವರನ್ನು ಕರೆದಿದ್ದರು. ಮಲ್ಲಿಗೆ ಮುಡಿದಿದ್ದರು.

ಅವರು ಎಂದಿನಂತೆ ಗಟ್ಟಿಯಾಗಿ ಓದಿದರು. ಮೊದಲ ಪ್ಯಾಚು, ಬರೆದವರು, ನನ್ನ ಹೆಸರು. ಬೆರಳು ಕೆಳಗೆ ಸರಿಯಿತು. ಎರಡನೆಯ ಪ್ಯಾಚು, ಬರೆದವರು, ನನ್ನ ಹೆಸರು. ಐದಾರರ ಹೊತ್ತಿಗೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಲಿಲ್ಲಿಬಾಯಿ ಎಂಬವರು ಅವರ ಭುಜ ಮುಟ್ಟಿ, "ಸಾಕು ಸುನಂದ" ಎಂದರು. ಅವರು ನಿಲ್ಲಿಸಲಿಲ್ಲ. ಹತ್ತೊಂಬತ್ತನ್ನೂ ಓದಿದರು. ಸ್ವರ ಏರಲಿಲ್ಲ, ನಡುಗಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಓದಿ ಮುಗಿಸಿ ತಿರುಗಿದರು.

"ನಿಮ್ಮ ಹೆಸರು ಸರಿಯಾಗಿ ಬರ್ದಿದ್ದಾರೆ ರೈಗಳೇ. ಒಂದೂ ತಪ್ಪಿಲ್ಲ."

‘ಅಕ್ಕ’ ಎಂದೆ.  ಅವರು ಕೋಟು ಸರಿಮಾಡಿಕೊಂಡು ಬೋರ್ಡುಗಳ ಕಡೆಗೆ ಹೋದರು. ಮರುದಿನವೂ ಕೆಲಸಕ್ಕೆ ಬಂದರು. ನನ್ನ ಜೊತೆ ಬೇಕಾದಷ್ಟೇ ಮಾತು. ‘ನೀವು’ ಎನ್ನುವುದನ್ನು ಕೊನೆಯವರೆಗೂ ಬಿಡಲಿಲ್ಲ.

ಇನ್ನೊಂದು ವಿಷಯ ಇಲ್ಲಿ ಹೇಳಬೇಕು. ಪರಿಶೀಲನೆ ನಡೆಯುತ್ತಿದ್ದಾಗ ಲಿಸ್ಟಿನಲ್ಲಿ ಒಬ್ಬ, ಒಂದು ಕಡೆ ಮೂರು ಸಾಲು ಜಾಸ್ತಿಯಾಯಿತು, ತೆಗೆಯಿರಿ ಎಂದಿದ್ದ. ಸುನಂದಕ್ಕನನ್ನು ಕೇಳಿದಾಗ, "ಬೇಡ, ಚಿಪ್ಪು ಬ್ಯಾಟರಿ ಉಳಿಸ್ಲಿಕ್ಕೆ ನಿದ್ದೆ ಹೋದಾಗ ಅದು ಬೇಕು" ಎಂದಿದ್ದರು. ಅದನ್ನು ವಿವರಿಸಿ ಬರೆಯುವ ತಾಳ್ಮೆ ನನಗಿರಲಿಲ್ಲ. ಬೇಗ ಒಪ್ಪಿಗೆಯಾಗಲಿ ಎಂದು ಅವರಿಗೆ ತಿಳಿಸದೆ ಆ ಮೂರು ಸಾಲು ತೆಗೆದಿದ್ದೆ. ಡ್ರೈವರಿನಲ್ಲಿ ನಿಜವಾಗಿ ನಾನು ಮಾಡಿದ ಕೆಲಸ ಅದೊಂದೇ.

ಸುನಂದಕ್ಕನಿಗೆ ಆ ಕೊರತೆ ಮೋಹನನ ಬೋಟಿನಲ್ಲಿ ಸಿಕ್ಕಿತು. ಚಿಪ್ಪು ನಿದ್ದೆಯಲ್ಲಿದ್ದಾಗ ಸಂಪರ್ಕ ಕಡಿದರೆ ಸುದ್ದಿ ಮೇಲಕ್ಕೆ ಹೋಗುತ್ತಿರಲಿಲ್ಲ. ಹಸಿರು ಲೈಟು ಉರಿಯುತ್ತಲೇ ಇತ್ತು. ಈ ಸಲ ಅವರು ನನ್ನ ಹತ್ತಿರ ಬರಲಿಲ್ಲ. ಮೋಹನನ ಮಗಳ ಕಾಲೇಜಿನ ಲ್ಯಾಪ್‌ಟಾಪಿನಿಂದ, ತಮ್ಮ ಹೆಸರಿನಲ್ಲಿ, ನೇರವಾಗಿ ಲಿಸ್ಟಿಗೆ ಒಂದು ತಿದ್ದುಪಡಿ ಕಳಿಸಿದರು. ಮೂರು ಸಾಲು. ಜೊತೆಗೆ ತುಂಡುತುಂಡು ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿ. ಚಿಪ್ಪು ನಿದ್ದೆಯಲ್ಲಿರುವಾಗ ಸಂಪರ್ಕ ಹೋದರೆ ಡ್ರೈವರ್ ಹೇಳುವುದಿಲ್ಲ, ಲೈಟು ನೋಡಿದವರು ನಂಬುತ್ತಾರೆ, ಬೋಟಿನಲ್ಲಿ ಪರೀಕ್ಷೆ ಮಾಡಿದ್ದೇನೆ, ಎಂದಷ್ಟೇ ಇತ್ತು. ನನ್ನ ಬಗ್ಗೆ ಒಂದು ಅಕ್ಷರವಿಲ್ಲ.

ಜರ್ಮನಿಯವನು ಎಲ್ಲರೆದುರು ನನ್ನನ್ನು ಕೇಳಿದ: ಡ್ರೈವರ್ ಬರೆದವರು ನೀವು, ಇದನ್ನು ಒಪ್ಪುತ್ತೀರಾ?

ಎರಡು ದಿನ ಆ ಮೇಲ್ ನೋಡುತ್ತ ಕೂತೆ. ಬರೆದವನು ನಾನಲ್ಲ, ಈ ತಿದ್ದುಪಡಿ ಕಳಿಸಿದವರೇ ಎಂದು ಒಂದು ವಾಕ್ಯ ಬರೆದಿದ್ದರೆ ಸಾಕಿತ್ತು. ಬರೆದೆ ಕೂಡ. ಅಳಿಸಿ, ‘ಒಪ್ಪುತ್ತೇನೆ’ ಎಂದು ಕಳಿಸಿದೆ.

ಕಂಪನಿಯ ವಿಷಯವನ್ನು ಹೊರಗೆ ಹಾಕಿದರೆಂದು ಹೆಗ್ಡೆಯವರು ಸುನಂದಕ್ಕನಿಗೆ ಮೆಮೋ ಕೊಟ್ಟರು, ಇಂಗ್ಲಿಷಿನಲ್ಲಿ. ಮೂರು ದಿನದೊಳಗೆ ಲಿಖಿತ ಉತ್ತರ ಬೇಕು. ಸುನಂದಕ್ಕ ಅದನ್ನು ಹಿಡಿದುಕೊಂಡು ಮೇಲೆ ಬಂದರು, ನಾನು ಕ್ಯಾಬಿನ್ನಿನಲ್ಲೇ ಇದ್ದೆ. ಹೆಗ್ಡೆಯವರು ಅಂದು ನನಗೆ ಹೇಳಿದ ಮಾತು ಅಷ್ಟರಲ್ಲಿ ಹೇಗೋ ಕೆಳಗೂ ಮುಟ್ಟಿತ್ತು.

"ಉತ್ತರ ಬರೆಯುವಷ್ಟು ಇಂಗ್ಲಿಷ್ ನನಗೆ ಬರೂದಿಲ್ಲ ಅಂತ ನೀವೇ ಹೇಳಿದ್ದಂತೆ ಅಲ್ವಾ? ಮತ್ತೆ ಯಾಕೆ ಕೇಳ್ತೀರಿ?" ಎಂದು ಹೆಗ್ಡೆಯವರ ಮೇಜಿನ ಮೇಲೆ ಮೆಮೋ ಇಟ್ಟರು. ಅದರ ಮೇಲೆ ಗುರುತುಚೀಟಿ. ನೀಲಿ ಕೋಟನ್ನು ಬಿಚ್ಚಿ, ಮಡಚಿ, ಕುರ್ಚಿಯ ಮೇಲಿಟ್ಟು ಇಳಿದು ಹೋದರು. ಅವರ ಬೆನ್ನಿಗೆ ಹೆಗ್ಡೆಯವರು, "ಇವರಿಗೆಲ್ಲ ಜಾಸ್ತಿ ಸಲುಗೆ ಕೊಟ್ಟದ್ದೇ ತಪ್ಪು" ಎಂದರು. 

ವರ್ಷ ಕಳೆದ ಮೇಲೆ ನನಗೆ ಬೇರೆ ಕಂಪನಿಯಲ್ಲಿ ದೊಡ್ಡ ಹುದ್ದೆ ಸಿಕ್ಕಿತು. ಸಂದರ್ಶನದಲ್ಲಿ ಅವರು ಕೇಳಿದ್ದೆಲ್ಲ ಆ ಡ್ರೈವರಿನ ಬಗ್ಗೆಯೇ. ಸುನಂದಕ್ಕ ಹೇಳಿಕೊಟ್ಟಿದ್ದನ್ನೆಲ್ಲ ತಡವರಿಸದೆ ಹೇಳಿದೆ. ಒಮ್ಮೆ ಬೋಳಾರದ ಮನೆಗೆ ಹೋದೆ. ಅವರು ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದರು.

"ಲಿಸ್ಟಿಗೆ ಬರೀತೇನೆ ಅಕ್ಕ. ನಿಮ್ಮ ಹೆಸರು ಹಾಕಿ ಅಂತ ಕೇಳ್ತೇನೆ" ಎಂದೆ.

"ಹಳೇದನ್ನು ತಿದ್ಲಿಕ್ಕೆ ಬಿಡೂದಿಲ್ಲ ಅಲ್ಲಿ. ನಿಮಗೆ ಗೊತ್ತುಂಟು. ಗೊತ್ತಿದ್ದೇ ಈಗ ಬಂದದ್ದು ನೀವು" ಎಂದರು. ಮೀನು ಮಗುಚುವುದನ್ನು ನಿಲ್ಲಿಸಲಿಲ್ಲ. ಕೂತುಕೊಳ್ಳಿ ಎನ್ನಲಿಲ್ಲ. ಸ್ವಲ್ಪ ಹೊತ್ತು ಬಿಸಿಲಿನಲ್ಲಿ ನಿಂತು ವಾಪಸ್ಸು ಬಂದೆ.

ಕಳೆದ ವರ್ಷ ಜ್ವರ ಬಂದು, ಎದೆಗೆ ಇಳಿದು, ಎಂಟು ದಿನದಲ್ಲಿ ತೀರಿಕೊಂಡರು. ಸುದ್ದಿ ತಿಳಿದದ್ದು ಲಿಲ್ಲಿಬಾಯಿಯಿಂದ. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಊಟಕ್ಕೆ ಹೋದೆ. ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಗೋಡೆಗೆ ಒರಗಿಸಿದ ಫೋಟೋದಲ್ಲಿ ಅವರು ಯಾರದೋ ಮದುವೆಯಲ್ಲಿ ನಿಂತಿದ್ದರು. ಮೋಹನ ನನ್ನ ಗುರುತು ಹಿಡಿದು ಕೈ ಹಿಡಿದುಕೊಂಡ. ಅವನಿಗೆ ಅಕ್ಕ ಏನೂ ಹೇಳಿರಲಿಲ್ಲ ಎಂದು ಆ ಕೈ ಹಿಡಿದ ರೀತಿಯಲ್ಲೇ ಗೊತ್ತಾಯಿತು. ಹಿರಿಯರು ಕೂತಿದ್ದ ಸಾಲಿಗೆ ಕರೆದುಕೊಂಡು ಹೋಗಿ, "ಇವರು ಅಕ್ಕನ ಆಫೀಸಿನ ಇಂಜಿನಿಯರು" ಎಂದು ಪರಿಚಯಿಸಿದ.

"ಅವಳು ಅಲ್ಲಿ ಎಂತ ಕೆಲಸ ಮಾಡ್ತಾ ಇದ್ದದ್ದು ಸರ್? ನಮಗೆ ಯಾರಿಗೂ ಸರಿ ಗೊತ್ತಿಲ್ಲ. ಕೇಳಿದ್ರೆ ನಿಮಗೆ ಅರ್ಥ ಆಗೂದಿಲ್ಲ ಅಂತಿದ್ಲು. ನೀವು ಹೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಹೇಳಲು ಬಾಯಿ ತೆರೆದೆ. ಹೇಳಿದರೆ ಎಲ್ಲಿಂದ ಶುರು ಮಾಡಬೇಕು, ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನನಗೆ ಗೊತ್ತಿತ್ತು.

"ಟೆಸ್ಟಿಂಗ್‌ನಲ್ಲಿದ್ದರು" ಎಂದೆ. "ಒಳ್ಳೆ ಕೆಲಸಗಾರರು."

ಹಿರಿಯರು ತಲೆಯಾಡಿಸಿದರು. ಮೋಹನ ನನ್ನ ಕೈ ಬಿಟ್ಟ.

"ಹೌದಾ" ಎಂದ. "ನಮ್ಮ ಬೋಟಿನ ಪೆಟ್ಟಿಗೆ ಸರಿ ಮಾಡಿದ್ದು ಅವಳೇ ಅಂತ ನಾನು ಗ್ರಹಿಸಿದ್ದೆ." ಮತ್ತೆ ಎಲೆ ಹಾಕಿದ್ದ ಕಡೆ ನೋಡಿ, "ಬನ್ನಿ ಸರ್, ಊಟ ಮಾಡಿ" ಎಂದು ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದ.